ಕೂಸಿನ ಕಿವಿ ಸೋರುತ್ತದೆಯೇ?

ಪೂರಕ ಪಾಠ: ನಮ್ಮ ಆರೋಗ್ಯ



ನಿಮ್ಮ ಮನೆಯಲ್ಲಿ ಐದು ವರ್ಷದ ಒಳಗಿನ ಕೂಸು ಇದೆಯೇ? ನೆಗಡಿ ಆದಾಗ ಅದು ಕಿವಿ ಹಿಡಿದುಕೊಂಡು ಅಳುತ್ತದೆಯೇ? ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ ಕಂಡಿದ್ದೀರಾ? ಕಿವಿಯಿಂದ ಕೆಟ್ಟ ವಾಸನೆ ಬಂದದ್ದುಂಟೇ?

ಹಾಗಿದ್ದರೆ ಈ ಪಾಠ ನಿಮಗಾಗಿಯೇ. ನಿಧಾನವಾಗಿ ಓದಿ. ತಿಳಿಯದ ಪದದ ಕೆಳಗೆ ಗೆರೆ ಎಳೆಯಿರಿ. ಮನೆಯವರಿಗೂ ಓದಿ ಹೇಳಿ.

ನಮ್ಮ ಕಡೆ ಜನ ಹೇಳುತ್ತಾರೆ: "ಸಣ್ಣ ಹುಡುಗರ ಕಿವಿ ಸೋರೋದೇ. ದೊಡ್ಡವರಾದ ಮೇಲೆ ತಾನೇ ನಿಲ್ಲತೈತಿ." ಈ ಮಾತು ಸರಿಯಲ್ಲ. ಕಿವಿ ಸೋರುವುದು ಒಂದು ರೋಗ. ಬೇಗ ತೋರಿಸಿದರೆ ಗುಣವಾಗುತ್ತದೆ. ಹಾಗೇ ಬಿಟ್ಟರೆ ಕಿವಿ ಮಂದವಾಗುತ್ತದೆ. ಕಿವಿ ಮಂದವಾದ ಕೂಸಿಗೆ ಮಾತು ತಡ. ಮಾತು ತಡವಾದರೆ ಓದೂ ತಡ.

1. ಕಿವಿಯ ಒಳಗೆ ಏನಿದೆ?

ಕಿವಿಗೆ ಮೂರು ಭಾಗ. ಹೊರಕಿವಿ, ನಡುಕಿವಿ, ಒಳಕಿವಿ.

ನಮಗೆ ಕಾಣುವುದು ಹೊರಕಿವಿ. ಅದರ ತೂತಿನ ಕೊನೆಗೆ ಒಂದು ತೆಳುವಾದ ಪರದೆ ಇದೆ. ಹಲಗಿಯ ಚರ್ಮದ ಹಾಗೆ ಬಿಗಿಯಾಗಿರುತ್ತದೆ. ಇದಕ್ಕೆ ಕಿವಿತಮಟೆ ಎನ್ನುತ್ತಾರೆ. ಸದ್ದು ಬಂದು ತಾಗಿದಾಗ ತಮಟೆ ನಡುಗುತ್ತದೆ.

ತಮಟೆಯ ಹಿಂದೆ ಇರುವುದು ನಡುಕಿವಿ. ಅದೊಂದು ಪುಟ್ಟ ಕೋಣೆ. ಅದರಲ್ಲಿ ಗಾಳಿ ಇರುತ್ತದೆ. ಮೂರು ಸಣ್ಣ ಎಲುಬು ಇವೆ. ತಮಟೆಯ ನಡುಕವನ್ನು ಈ ಎಲುಬುಗಳು ಒಳಕಿವಿಗೆ ಮುಟ್ಟಿಸುತ್ತವೆ. ಒಳಕಿವಿಯಿಂದ ಸುದ್ದಿ ಮೆದುಳಿಗೆ ಹೋಗುತ್ತದೆ. ಆಗ ನಮಗೆ ಸದ್ದು ಕೇಳುತ್ತದೆ.

ನಡುಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಇದೆ. ನಡುಕಿವಿಗೆ ಗಾಳಿ ಬರುವುದು ಈ ದಾರಿಯಿಂದ. ರೋಗ ಬರುವುದೂ ಹೆಚ್ಚಾಗಿ ಇದೇ ದಾರಿಯಿಂದ.

2. ಸಣ್ಣ ಮಕ್ಕಳಿಗೇ ಯಾಕೆ ಹೆಚ್ಚು?

ದೊಡ್ಡವರಲ್ಲಿ ಈ ನಾಳ ಉದ್ದ. ಅದು ಇಳಿಜಾರಾಗಿದೆ. ನೀರು ಸರಾಗ ಇಳಿಯುತ್ತದೆ. ಸಣ್ಣ ಕೂಸಿನಲ್ಲಿ ನಾಳ ಗಿಡ್ಡ, ಇಕ್ಕಟ್ಟು, ಹೆಚ್ಚುಕಡಿಮೆ ಅಡ್ಡಡ್ಡ. ನೆಗಡಿ ಆದಾಗ ನಾಳ ಬಾತು ಮುಚ್ಚುತ್ತದೆ. ನಡುಕಿವಿಯಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತದೆ. ನೀರು ಕೀವಾಗುತ್ತದೆ.

ಆರು ತಿಂಗಳಿನಿಂದ ಎರಡು ವರ್ಷದವರೆಗೆ ಈ ರೋಗ ಬಹಳ. ಕೂಸು ಮಾತು ಕಲಿಯುವ ಕಾಲವೂ ಅದೇ. ಇದನ್ನು ನೆನಪಿಡಿ.

ಸ್ನಾನದ ನೀರು ಹೋಗಿ ಕಿವಿ ಸೋರಿತು ಎಂದು ಕೆಲವರು ತಿಳಿಯುತ್ತಾರೆ. ಗಟ್ಟಿಯಾದ ತಮಟೆ ಇದ್ದರೆ ಸ್ನಾನದ ನೀರು ನಡುಕಿವಿಗೆ ಹೋಗುವುದಿಲ್ಲ. ರೋಗದ ಮೊದಲ ಹೆಜ್ಜೆ ಸಾಮಾನ್ಯವಾಗಿ ನೆಗಡಿ.

3. ಗುರುತುಗಳು

ಮಾತು ಬಾರದ ಕೂಸು "ಕಿವಿ ನೋಯುತ್ತದೆ" ಎಂದು ಹೇಳಲಾರದು. ನಾವೇ ನೋಡಿ ತಿಳಿಯಬೇಕು.

• ನೆಗಡಿ ಆದ ಮೇಲೆ ಜ್ವರ ಬರುತ್ತದೆ.
• ಮಲಗಿಸಿದರೆ ಅಳು ಜೋರಾಗುತ್ತದೆ. ರಾತ್ರಿ ನಿದ್ದೆ ಇಲ್ಲ.
• ಕಿವಿ ಎಳೆದುಕೊಳ್ಳುತ್ತದೆ, ಉಜ್ಜುತ್ತದೆ.
• ಹಾಲು ಕುಡಿಯಲು ಶುರು ಮಾಡಿ ನಡುವೆ ಬಿಟ್ಟು ಅಳುತ್ತದೆ.
• ಕಿವಿಯಿಂದ ನೀರು ಅಥವಾ ಕೀವು ಬರುತ್ತದೆ.
• ಕರೆದರೆ ತಿರುಗಿ ನೋಡುವುದಿಲ್ಲ.

ಕೂಸು ಕಿವಿ ಎಳೆದುಕೊಂಡ ಮಾತ್ರಕ್ಕೆ ರೋಗ ಎಂದಲ್ಲ. ಹಲ್ಲು ಬರುವಾಗ, ನಿದ್ದೆ ಬಂದಾಗ ಕೂಡ ಎಳೆಯುತ್ತದೆ. ಜ್ವರ, ನೆಗಡಿ, ಅಳು ಜೊತೆಗಿದ್ದರೆ ತೋರಿಸಿ.

4. ನೋವು ನಿಂತಿತು, ರೋಗ ನಿಲ್ಲಲಿಲ್ಲ

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಗಮನವಿಟ್ಟು ಓದಿ.

ಕೂಸು ಎರಡು ರಾತ್ರಿ ಅತ್ತಿತು. ಮೂರನೇ ದಿನ ಕಿವಿ ಸೋರಿತು. ಅಳು ನಿಂತಿತು. ಜ್ವರ ಇಳಿಯಿತು. "ಕೆಟ್ಟ ನೀರು ಹೋತು, ಆರಾಮ ಆತು" ಎಂದು ಮನೆಯವರು ಸಮಾಧಾನ ಪಟ್ಟರು.

ಒಳಗೆ ಆದದ್ದು ಬೇರೆ. ಕೀವಿನ ಒತ್ತಡಕ್ಕೆ ಕಿವಿತಮಟೆ ತೂತಾಯಿತು. ಕೀವು ಹೊರಗೆ ಬಂತು. ಒತ್ತಡ ಇಳಿದದ್ದಕ್ಕೆ ನೋವು ಕಡಿಮೆ ಆಯಿತು.

ಸಾಮಾನ್ಯವಾಗಿ ಈ ತೂತು ಕೆಲವು ವಾರದಲ್ಲಿ ತಾನೇ ಮುಚ್ಚುತ್ತದೆ. ಆದರೆ ಚಿಕಿತ್ಸೆ ಸಿಗದಿದ್ದರೆ, ಮತ್ತೆ ಮತ್ತೆ ರೋಗ ಬಂದರೆ, ತೂತು ಹಾಗೇ ಉಳಿಯಬಹುದು. ಆಗ ಕಿವಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೋರುತ್ತದೆ.

ಲೆಕ್ಕ ಹೀಗಿದೆ. 14 ದಿನಕ್ಕಿಂತ ಕಡಿಮೆ ಸೋರಿದರೆ ಅದು ಹೊಸ ರೋಗ. 14 ದಿನ ಅಥವಾ ಅದಕ್ಕಿಂತ ಹೆಚ್ಚು ಸೋರಿದರೆ ಅದು ಹಳೆಯ ರೋಗ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಅದಕ್ಕೇ ಸೋರಲು ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ನಿಮಗೆ ಈಗ ಬರೆಯಲು ಬರುತ್ತದೆ. "ಕಿವಿ" ಎಂದು ಎರಡಕ್ಷರ ಬರೆದರೆ ಸಾಕು. ಡಾಕ್ಟರು ಕೇಳಿದಾಗ ತಾರೀಕು ಹೇಳಬಹುದು.

ಇನ್ನೊಂದು ಬಗೆಯೂ ಇದೆ. ನೋವಿಲ್ಲ, ಜ್ವರ ಇಲ್ಲ, ಸೋರುವುದೂ ಇಲ್ಲ. ಆದರೆ ತಮಟೆಯ ಹಿಂದೆ ನೀರು ನಿಂತಿರುತ್ತದೆ. ಕೂಸಿಗೆ ಮಾತು ಮಂದವಾಗಿ ಕೇಳುತ್ತದೆ. ಬಹಳ ಮಕ್ಕಳಲ್ಲಿ ಈ ನೀರು ಮೂರು ತಿಂಗಳೊಳಗೆ ಇಂಗುತ್ತದೆ. ಮೂರು ತಿಂಗಳಾದರೂ ಕಿವಿ ಮಂದ ಇದ್ದರೆ ಕಿವಿ ಡಾಕ್ಟರಿಗೆ ತೋರಿಸಲೇಬೇಕು.

5. ಎಣ್ಣೆ ಯಾಕೆ ಬೇಡ?

ಈ ಮಾತುಕತೆಯನ್ನು ಇಬ್ಬರು ಸೇರಿ ಓದಿ. ಒಬ್ಬರು ತಾಯಿ, ಒಬ್ಬರು ಆಶಾ ಕಾರ್ಯಕರ್ತೆ.

ತಾಯಿ: ಅಕ್ಕಾ, ಕೂಸು ರಾತ್ರಿಯೆಲ್ಲಾ ಅಳತೈತ್ರಿ. ಕೊಬ್ಬರಿ ಎಣ್ಣಿ ಬೆಚ್ಚಗ ಮಾಡಿ ಕಿವ್ಯಾಗ ಬಿಡತೀನಿ.

ಆಶಾ: ಬ್ಯಾಡವ್ವಾ. ನೋವು ಇರೋದು ತಮಟೆ ಹಿಂದ. ನೀ ಎಣ್ಣಿ ಬಿಡೋದು ತಮಟೆ ಮುಂದ. ಎಣ್ಣಿ ಅಲ್ಲಿಗೆ ಮುಟ್ಟೂದಿಲ್ಲ.

ತಾಯಿ: ಹಂಗಾರ ತಮಟೆ ತೂತ ಆಗಿದ್ರ?

ಆಶಾ: ಆಗ ಇನ್ನೂ ಕೆಟ್ಟ. ಎಣ್ಣಿ, ಹೊಲಸು ಎಲ್ಲಾ ಒಳಗ ಹೋಗತೈತಿ.

ತಾಯಿ: ಬೆಳ್ಳುಳ್ಳಿ ರಸ? ಎದಿಹಾಲು?

ಆಶಾ: ಯಾವುದೂ ಬ್ಯಾಡ. ಎದಿಹಾಲು ಕೂಸಿನ ಬಾಯಿಗೆ ಅಮೃತ. ಕಿವಿಗೆ ಅಲ್ಲ.

ಅಂಗಡಿಯಿಂದ ಕಿವಿಯ ಹನಿ ತಂದು ನೀವೇ ಹಾಕಬೇಡಿ. ತಮಟೆ ತೂತಾಗಿದ್ದರೆ ಕೆಲವು ಹನಿ ಔಷಧ ಒಳಕಿವಿಗೆ ಕೇಡು ಮಾಡಬಹುದು. ಯಾವ ಹನಿ ಹಾಕಬೇಕು ಎಂಬುದನ್ನು ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಹೇಳುತ್ತಾರೆ.

ಕಡ್ಡಿ, ಪಿನ್ನು, ಬೆಂಕಿಕಡ್ಡಿ ಕಿವಿಗೆ ಹಾಕಬೇಡಿ. ಸಂತೆಯಲ್ಲಿ ಕಿವಿ ತೆಗೆಯುವವರ ಮುಂದೆ ಕೂಸನ್ನು ಕೂರಿಸಬೇಡಿ.

6. ಚಿಕಿತ್ಸೆ ಹೇಗೆ?

ಡಾಕ್ಟರು ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುತ್ತಾರೆ. ಕೂಸಿನ ತೂಕ ನೋಡಿ ಅಳತೆ ಹೇಳುತ್ತಾರೆ. ಆ ಅಳತೆ ಮೀರಬೇಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ.

ರೋಗಾಣು ಕೊಲ್ಲಲು ಆಂಟಿಬಯಾಟಿಕ್ ಬರೆಯುತ್ತಾರೆ. ಅಮಾಕ್ಸಿಸಿಲಿನ್ ಎಂಬ ಔಷಧ ಹೆಚ್ಚು ಬಳಕೆಯಲ್ಲಿದೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. ಅಮಾಕ್ಸಿಸಿಲಿನ್ ಅದೇ ಬಳಗದ್ದು. ಇಂಥ ಔಷಧ ಬರುವ ಮೊದಲು ಕಿವಿಯ ಕೀವು ಮೆದುಳಿಗೆ ಏರಿ ಮಕ್ಕಳು ಸಾಯುತ್ತಿದ್ದರು. ಈಗ ಔಷಧ ಇದೆ. ಅದನ್ನು ಸರಿಯಾಗಿ ಕೊಡುವುದು ನಮ್ಮ ಕೈಯಲ್ಲಿದೆ.

ಎಲ್ಲ ಕೂಸಿಗೂ ಆಂಟಿಬಯಾಟಿಕ್ ಬೇಕೆಂದಿಲ್ಲ. ಎರಡು ವರ್ಷ ದಾಟಿದ ಮಗು, ನೋವು ಕಡಿಮೆ, ಕಿವಿ ಸೋರುತ್ತಿಲ್ಲ ಎಂದರೆ ಡಾಕ್ಟರು "ಎರಡು ಮೂರು ದಿನ ನೋಡೋಣ" ಎನ್ನಬಹುದು. ಅದು ಅಲಕ್ಷ್ಯ ಅಲ್ಲ. ಹೇಳಿದ ದಿನ ಮತ್ತೆ ಕರೆದುಕೊಂಡು ಹೋಗಿ.

ನೆನಪಿಡಿ:

• ಔಷಧ ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ ಕೊಡಿ. ಆರಾಮ ಆಯಿತೆಂದು ನಡುವೆ ಬಿಡಬೇಡಿ.
• ಪುಡಿ ಔಷಧದ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ. ಕೊಡುವ ಮೊದಲು ಅಲುಗಾಡಿಸಿ.
• ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳದಲ್ಲೇ ಕೊಡಿ. ಮನೆಯ ಚಮಚ ಒಂದೊಂದು ಒಂದೊಂದು ಅಳತೆ.
• ಉಳಿದ ಔಷಧ ಮುಂದಿನ ಸಲಕ್ಕೆ ಇಡಬೇಡಿ. ನೆರೆಮನೆ ಕೂಸಿಗೂ ಕೊಡಬೇಡಿ.
• ಎರಡು ಮೂರು ದಿನವಾದರೂ ಜ್ವರ, ನೋವು ಇಳಿಯದಿದ್ದರೆ ಮತ್ತೆ ತೋರಿಸಿ.

ಕಬ್ಬು ಕಡಿಯಲು ಊರೂರು ಹೋಗುವವರು ಒಂದು ಕೆಲಸ ಮಾಡಿ. ಔಷಧದ ಬಾಟಲಿ ಮತ್ತು ಕೇಸ್ ಪೇಪರ್ ಜೊತೆಗೇ ಇಟ್ಟುಕೊಳ್ಳಿ. ಬೇರೆ ಊರಿನ ಡಾಕ್ಟರು ಆ ಕಾಗದ ನೋಡಿ ಮುಂದಿನ ಚಿಕಿತ್ಸೆ ಕೊಡುತ್ತಾರೆ. ಫಡ ಬದಲಾಯಿತೆಂದು ಔಷಧ ನಿಲ್ಲಬಾರದು.

7. ಕಿವಿ ಒಣಗಿಸುವ ರೀತಿ

ಸೋರುವ ಕಿವಿಯನ್ನು ಒಣಗಿಸಬೇಕು. ಒದ್ದೆ ಇದ್ದರೆ ಔಷಧ ಒಳಗೆ ಇಳಿಯುವುದಿಲ್ಲ. ಇದನ್ನು ಮನೆಯಲ್ಲೇ ಮಾಡಬಹುದು. ಮೊದಲ ಸಲ ಆಶಾ ಅಥವಾ ನರ್ಸ್ ಅಕ್ಕನ ಮುಂದೆ ಮಾಡಿ ಕಲಿಯಿರಿ.

ಒಂದು: ಸಾಬೂನಿನಿಂದ ಕೈ ತೊಳೆಯಿರಿ.

ಎರಡು: ತೊಳೆದು ಒಣಗಿಸಿದ ಮೆತ್ತನೆ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಸಣ್ಣ ತುಂಡು ಮಾಡಿ. ದೀಪದ ಬತ್ತಿಯ ಹಾಗೆ ಹೊಸೆಯಿರಿ.

ಮೂರು: ಬತ್ತಿಯನ್ನು ಕಿವಿಯ ತೂತಿನಲ್ಲಿ ಮೆಲ್ಲಗೆ ಇಡಿ. ಒತ್ತಿ ತುರುಕಬೇಡಿ.

ನಾಲ್ಕು: ಬತ್ತಿ ಒದ್ದೆಯಾದ ಕೂಡಲೇ ತೆಗೆಯಿರಿ. ಹೊಸ ಬತ್ತಿ ಇಡಿ. ಒಣ ಬತ್ತಿ ಒಣದಾಗಿಯೇ ಹೊರಬರುವ ತನಕ ಹೀಗೆ ಮಾಡಿ.

ಐದು: ಡಾಕ್ಟರು ಹನಿ ಬರೆದಿದ್ದರೆ ಈಗ ಹಾಕಿ.

ದಿನಕ್ಕೆ ಮೂರು ಸಲ ಮಾಡಿ. ಬತ್ತಿಯನ್ನಾಗಲಿ, ಅರಳೆಯನ್ನಾಗಲಿ ಕಿವಿಯಲ್ಲೇ ಬಿಡಬೇಡಿ. ಬಳಸಿದ ಬತ್ತಿ ಸುಟ್ಟುಬಿಡಿ.

ಕಿವಿ ಸೋರುವ ಮಗುವನ್ನು ಪಂಚಗಂಗೆಗೂ ಹಿರಣ್ಯಕೇಶಿಗೂ ಬಾವಿಗೂ ಈಜಲು ಕಳಿಸಬೇಡಿ. ಸ್ನಾನ ಮಾಡಿಸುವಾಗ ಕಿವಿಗೆ ನೀರು ಬೀಳದಂತೆ ನೋಡಿ.

8. ಕೂಡಲೇ ಆಸ್ಪತ್ರೆಗೆ ಹೋಗಿ

ಈ ಗುರುತು ಕಂಡರೆ ಒಂದು ದಿನವೂ ಕಾಯಬೇಡಿ:

• ಕಿವಿಯ ಹಿಂದಿನ ಎಲುಬಿನ ಮೇಲೆ ಬಾವು. ಮುಟ್ಟಿದರೆ ನೋವು. ಕಿವಿ ಮುಂದಕ್ಕೆ ಬಾಗಿದೆ.
• ಫಿಟ್ಸ್ ಬಂತು. ಕುತ್ತಿಗೆ ಬಿಗಿಯಾಯಿತು.
• ಕೂಸು ಮಂಕಾಗಿದೆ. ಎಬ್ಬಿಸಿದರೂ ಏಳುವುದಿಲ್ಲ.
• ಏನು ಕುಡಿದರೂ ವಾಂತಿ. ಮೊಲೆ ಹಿಡಿಯುವುದಿಲ್ಲ.
• ಮುಖದ ಒಂದು ಬದಿ ಸೊಟ್ಟಗಾಗಿದೆ.
• ಮೂರು ತಿಂಗಳ ಒಳಗಿನ ಕೂಸಿಗೆ ಜ್ವರ.

108ಕ್ಕೆ ಫೋನು ಮಾಡಿ. ಆಂಬುಲೆನ್ಸ್ ಬರುತ್ತದೆ. ಹಣ ಕೊಡಬೇಕಿಲ್ಲ.

9. ಎರಡು ಭಾಷೆಯ ಊರು, ಮಂದ ಕಿವಿಯ ಮಗು

ಈ ಭಾಗ ನಮ್ಮಂಥ ಗಡಿಯ ಮನೆಗಳಿಗೆ ಬಹಳ ಮುಖ್ಯ.

ಮನೆಯಲ್ಲಿ ನಾವು ಕನ್ನಡ ಆಡುತ್ತೇವೆ. ಅಂಗಡಿ, ಬಸ್ಸು, ದವಾಖಾನೆಯಲ್ಲಿ ಮರಾಠಿ. ನಮ್ಮ ಎಷ್ಟೋ ಮಕ್ಕಳಿಗೆ ಅಂಗನವಾಡಿಯಲ್ಲೂ ಮರಾಠಿ. ಅಂಗನವಾಡಿಯಲ್ಲಿ ಮಗು ಸುಮ್ಮನೆ ಕೂತರೆ ಎಲ್ಲರೂ ಹೇಳುವುದು ಒಂದೇ. "ಅದಕ್ಕ ಮರಾಠಿ ಬರೂದಿಲ್ಲ. ಕಲಿತೈತಿ ಬಿಡ್ರಿ." ಮನೆಯಲ್ಲಿ ಕರೆದಾಗ ತಿರುಗದಿದ್ದರೆ, "ಬಲು ಹಟಮಾರಿ" ಎನ್ನುತ್ತೇವೆ. ಕಿವಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಇನ್ನೊಂದು ತೊಡಕು. ಹಗಲು ರಾತ್ರಿ ಮಗ್ಗದ ಖಟಪಟ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಮಂದ ಕಿವಿಯ ಮಗುವಿಗೂ ಕೂಗಿದ್ದು ಕೇಳುತ್ತದೆ. ಹಾಗಾಗಿ ಮಗುವಿಗೆ ಕೇಳುವುದು ಕಡಿಮೆ ಎಂದು ಗೊತ್ತೇ ಆಗುವುದಿಲ್ಲ. ಶಾಲೆಯಲ್ಲಿ ಗುರುಗಳು ಮೆಲ್ಲಗೆ ಹೇಳಿದ ಪಾಠ ಮಾತ್ರ ತಪ್ಪಿಹೋಗುತ್ತದೆ.

ಎರಡು ಭಾಷೆ ಕೇಳುವುದರಿಂದ ಕೂಸು ಮೂಕವಾಗುವುದಿಲ್ಲ. ಎರಡನ್ನೂ ಕಲಿಯುವ ಶಕ್ತಿ ಮಗುವಿಗೆ ಇದೆ. ಆದರೆ ಎರಡೂ ಕಿವಿಗೆ ಬೀಳಬೇಕು. ಮಗು ಮರಾಠಿಗೆ ಉತ್ತರ ಕೊಡದಿದ್ದರೆ ಭಾಷೆ ಹೊಸದು ಎನ್ನಬಹುದು. ಮನೆಯ ಕನ್ನಡಕ್ಕೂ ಉತ್ತರ ಕೊಡದಿದ್ದರೆ? ಆಗ ಭಾಷೆಯ ನೆಪ ಹೇಳಬೇಡಿ. ಕಿವಿ ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಹೀಗೆ ನೋಡಿ. ಮಗ್ಗ, ಟಿವಿ ನಿಂತಿರುವ ಹೊತ್ತು ಆರಿಸಿ. ಮಗುವಿನ ಹಿಂದೆ ನಿಲ್ಲಿ. ನಿಮ್ಮ ಮುಖ, ನೆರಳು ಅದಕ್ಕೆ ಕಾಣಬಾರದು. ಮೆಲುದನಿಯಲ್ಲಿ ಕನ್ನಡದಲ್ಲೇ ಹೆಸರು ಹಿಡಿದು ಕರೆಯಿರಿ. ಎರಡು ಮೂರು ಸಲ ಕರೆದರೂ ತಿರುಗದಿದ್ದರೆ ಡಾಕ್ಟರಿಗೆ ಹೇಳಿ.

ವಯಸ್ಸಿನ ಲೆಕ್ಕವೂ ತಿಳಿದಿರಲಿ:

• 6 ತಿಂಗಳು: ದನಿ ಬಂದ ಕಡೆ ತಿರುಗುತ್ತದೆ.
• 1 ವರ್ಷ: ಹೆಸರು ಕರೆದರೆ ನೋಡುತ್ತದೆ. "ಅವ್ವ", "ಅಪ್ಪ" ಎನ್ನಲು ಶುರು ಮಾಡುತ್ತದೆ.
• 2 ವರ್ಷ: ಎರಡು ಪದ ಸೇರಿಸುತ್ತದೆ. "ಅವ್ವ ಬಾ", "ನೀರು ಕೊಡು."

ಇಷ್ಟು ಬಾರದಿದ್ದರೆ ಬೈಯಬೇಡಿ, ಹೊಡೆಯಬೇಡಿ, ಹರಕೆ ಹೊತ್ತು ವರ್ಷ ಕಳೆಯಬೇಡಿ. ಮೊದಲು ಕಿವಿ ತೋರಿಸಿ.

10. ರೋಗ ಬಾರದಂತೆ ಏನು ಮಾಡಬೇಕು?

ಎದೆಹಾಲು: ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ನೀರೂ ಬೇಡ. ಎರಡು ವರ್ಷ ಅಥವಾ ಅದರಾಚೆಗೂ ಮುಂದುವರಿಸಿ. ಎದೆಹಾಲು ಕುಡಿದ ಕೂಸಿಗೆ ಕಿವಿರೋಗ ಕಡಿಮೆ.

ಕುಡಿಸುವ ರೀತಿ: ಕೂಸಿನ ತಲೆ ಸ್ವಲ್ಪ ಎತ್ತರದಲ್ಲಿರಲಿ. ಬಾಟಲಿ ಬಾಯಿಗಿಟ್ಟು ಮಲಗಿಸಬೇಡಿ. ಮಲಗಿ ಕುಡಿದ ಹಾಲು ನಾಳದ ಕಡೆ ಹೋಗಬಹುದು.

ಹೊಗೆ: ಬೀಡಿ, ಸಿಗರೇಟು ಮನೆಯೊಳಗೆ ಬೇಡ. ಕಟ್ಟಿಗೆ ಒಲೆಯ ಹತ್ತಿರ ಕೂಸನ್ನು ಮಲಗಿಸಬೇಡಿ. ಹೊಗೆ ನಾಳವನ್ನು ಬಾಯಿಸುತ್ತದೆ.

ಕೈ ತೊಳೆಯುವುದು: ಕಿವಿ ರೋಗಕ್ಕೆ ದಾರಿ ನೆಗಡಿ. ನೆಗಡಿ ಹರಡುವುದು ಕೈಯಿಂದ, ಕೆಮ್ಮಿನಿಂದ. ನೆಗಡಿ ಆದವರು ಕೂಸಿಗೆ ಮುತ್ತು ಕೊಡಬೇಡಿ.

ಲಸಿಕೆ: ಪಿಸಿವಿ ಎಂಬ ಲಸಿಕೆ ಕಿವಿರೋಗ ತರುವ ಒಂದು ರೋಗಾಣುವಿನ ಮೇಲೆ ಕೆಲಸ ಮಾಡುತ್ತದೆ. ಭಾರತದಲ್ಲಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ಎಲ್ಲ ಕಡೆ ಬಂತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಹಾಕುತ್ತಾರೆ. ಗೋವರ ಬಂದರೂ ಕಿವಿ ಸೋರುತ್ತದೆ. ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಮ್ಮೆ ಗೋವರದ ಲಸಿಕೆ ಹಾಕಿಸಿ. ಸರಕಾರಿ ದವಾಖಾನೆಯಲ್ಲಿ ಇವು ಪುಕ್ಕಟೆ. ಲಸಿಕೆ ಹಾಕಿಸಿದರೂ ಕಿವಿ ನೋಯಬಹುದು. ಆದರೆ ಅಪಾಯ ಕಡಿಮೆ.

11. ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆ ಇದೆ. ಇಚಲಕರಂಜಿಯಲ್ಲಿ ಇಂದಿರಾ ಗಾಂಧಿ ಆಸ್ಪತ್ರೆ ಇದೆ. ಜನ ಅದನ್ನು ಐಜಿಎಂ ಎನ್ನುತ್ತಾರೆ. ಕೊಲ್ಹಾಪುರದಲ್ಲಿ ಛತ್ರಪತಿ ಪ್ರಮಿಲಾರಾಜೆ ಆಸ್ಪತ್ರೆ, ಅಂದರೆ ಸಿಪಿಆರ್. ಅದು ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಅಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗ ಇದೆ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಹಾರಾಷ್ಟ್ರದ ಪಾಲಘರದಲ್ಲಿ ಶುರುವಾಯಿತು. ಇದರ ಡಾಕ್ಟರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಕಿವಿ ಸೋರುವುದು, ಕಿವಿ ಕೇಳದಿರುವುದು ಅವರ ಪಟ್ಟಿಯಲ್ಲಿವೆ. ತಂಡ ಬರುವ ದಿನ ಕೇಳಿಟ್ಟುಕೊಳ್ಳಿ. ಆ ದಿನ ಮಗುವನ್ನು ತಪ್ಪಿಸಬೇಡಿ.

ದವಾಖಾನೆಯಲ್ಲಿ ಮರಾಠಿ ಬಾರದೆಂದು ಹೆದರಬೇಡಿ. ಈ ಮಾತು ಬಾಯಿಪಾಠ ಮಾಡಿ:

• ಕಿವಿ ನೋಯುತ್ತದೆ – ಕಾನ ದುಖತೋ.
• ಕಿವಿಯಿಂದ ಕೀವು ಬರುತ್ತದೆ – ಕಾನಾತೂನ ಪೂ ಯೇತೋ.
• ಜ್ವರ ಇದೆ – ತಾಪ ಆಹೇ.
• ಕೇಳುವುದಿಲ್ಲ – ಐಕೂ ಯೇತ ನಾಹೀ.
• ಹದಿನಾಲ್ಕು ದಿನ ಆಯಿತು – ಚೌದಾ ದಿವಸ ಝಾಲೇ.

ಹೊಸ ಪದಗಳು

ಕಿವಿತಮಟೆ: ಕಿವಿಯ ಒಳಗಿನ ತೆಳು ಪರದೆ
ನಡುಕಿವಿ: ತಮಟೆಯ ಹಿಂದಿನ ಕೋಣೆ
ನಾಳ: ಕೊಳವೆ
ರೋಗಾಣು: ಕಣ್ಣಿಗೆ ಕಾಣದ, ರೋಗ ತರುವ ಜೀವಿ
ಲಸಿಕೆ: ರೋಗ ತಡೆಯುವ ಚುಚ್ಚುಮದ್ದು

ಉತ್ತರ ಹೇಳಿ

1. ಕಿವಿ ಸೋರಿದ ಮೇಲೆ ನೋವು ಯಾಕೆ ಕಡಿಮೆ ಆಗುತ್ತದೆ?
2. ಎಣ್ಣೆ ಯಾಕೆ ನೋವಿನ ಜಾಗಕ್ಕೆ ಮುಟ್ಟುವುದಿಲ್ಲ?
3. ಮಗು ಕನ್ನಡದಲ್ಲಿ ಕರೆದರೂ ತಿರುಗದಿದ್ದರೆ ಏನು ಮಾಡುತ್ತೀರಿ?

ಸರಿ ಅಥವಾ ತಪ್ಪು ಬರೆಯಿರಿ

1. ಬತ್ತಿಯನ್ನು ರಾತ್ರಿಯೆಲ್ಲಾ ಕಿವಿಯಲ್ಲಿ ಬಿಡಬೇಕು.
2. ಕೂಸನ್ನು ಮಲಗಿಸಿ ಬಾಟಲಿ ಹಾಲು ಕೊಡಬಾರದು.
3. ಎರಡು ಭಾಷೆ ಕೇಳಿದರೆ ಮಗು ಮೂಕವಾಗುತ್ತದೆ.

ಲೆಕ್ಕ ಮಾಡಿ

ಇದು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಕೂಸಿನ ಅಳತೆಯನ್ನು ಡಾಕ್ಟರೇ ಹೇಳಬೇಕು.
ಒಂದು ಸಲಕ್ಕೆ 5 ಎಂ.ಎಲ್. ಔಷಧ. ದಿನಕ್ಕೆ 2 ಸಲ. 5 ದಿನ ಕೊಡಬೇಕು. ಒಟ್ಟು ಎಷ್ಟು ಎಂ.ಎಲ್. ಬೇಕು? ಒಂದು ಬಾಟಲಿಯಲ್ಲಿ 30 ಎಂ.ಎಲ್. ಇದ್ದರೆ ಎಷ್ಟು ಬಾಟಲಿ ತರಬೇಕು? ಒಂದೇ ಬಾಟಲಿ ತಂದರೆ ಎಷ್ಟನೇ ದಿನಕ್ಕೆ ಔಷಧ ಮುಗಿಯುತ್ತದೆ?

ಮಾಡಿ ನೋಡಿ

ನಿಮ್ಮ ಓಣಿಯಲ್ಲಿ ಕಿವಿ ಸೋರುವ ಮಕ್ಕಳು ಇದ್ದರೆ ಅವರ ಮನೆಗೆ ಹೋಗಿ. ಈ ಪಾಠದ 5ನೇ ಮತ್ತು 7ನೇ ಭಾಗ ಓದಿ ಹೇಳಿ. ಎಷ್ಟು ದಿನದಿಂದ ಸೋರುತ್ತಿದೆ ಎಂದು ಕೇಳಿ. 14 ದಿನ ದಾಟಿದ್ದರೆ ಆಶಾ ಅಕ್ಕನಿಗೆ ಅಂದೇ ತಿಳಿಸಿ.